ಗುರಿ ಇರುವುದು ಹಿಡಿಯಲ್ಲಿ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚಿನ ಪದಕ ಗೆದ್ದ ಮೇಲೆ ಏರ್ ಪಿಸ್ತೂಲಿನ ಹೆಸರು ಮನೆಮನೆಗೂ ಮುಟ್ಟಿತು. ಒಂದು ಪದಕ ವೈಯಕ್ತಿಕ, ಇನ್ನೊಂದು ಸರಬ್ಜೋತ್ ಸಿಂಗ್ ಜೊತೆಗೂಡಿ ಗಳಿಸಿದ್ದು. ಎರಡೂ 10 ಮೀಟರ್ ಏರ್ ಪಿಸ್ತೂಲಿನವೇ. (ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಇದೇ ಸ್ಪರ್ಧೆಯ ಬೆಳ್ಳಿ ಗೆದ್ದಾಗ ಇಷ್ಟು ಸದ್ದಾಗಲಿಲ್ಲ.) ಮಕ್ಕಳು ಪಿಸ್ತೂಲು ಬೇಕೆಂದು ಅಪ್ಪ ಅಮ್ಮನನ್ನು ಕಾಡುವುದು ಸಹಜ. ಕೊಡಿಸಿದವರ ಮುಂದೆ ಕೆಲವೇ ತಿಂಗಳಲ್ಲಿ ಎರಡನೆಯ ಬೇಡಿಕೆ ಬರುತ್ತದೆ: "ಇದಕ್ಕೆ ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಇನ್ನೂ ಜೋರಾಗಿ ಹೊಡೆಯುತ್ತದಂತೆ ಅಪ್ಪಾ!"

ಜೋರಾಗಿ ಹೊಡೆಯಬಹುದು. ಆದರೆ ಗುರಿಗೆ ತಗಲುತ್ತದೆಯೆ? ಪಿಸ್ತೂಲನ್ನು ತನಗೆ ತಕ್ಕಂತೆ ತಿದ್ದಿಕೊಳ್ಳುವುದು ಒಳ್ಳೆಯ ಹವ್ಯಾಸವೇ. ಕೈಗೆಲಸ ಬಲ್ಲ ಹುಡುಗ ಹುಡುಗಿಯರಿಗೆ ಅದರಲ್ಲಿ ಕಲಿಯುವುದು ಬೇಕಾದಷ್ಟಿದೆ. ಎಲ್ಲಿ ತಿದ್ದಬೇಕು, ಎಲ್ಲಿ ಕೈ ಹಚ್ಚಬಾರದು ಎಂಬುದನ್ನು ಶಾಲೆಯ ಭೌತಶಾಸ್ತ್ರವೇ ಹೇಳಿಬಿಡುತ್ತದೆ.

ಲೆಕ್ಕ ಹಾಕಿ ನೋಡಿ. ಸ್ಪರ್ಧೆಯ ಪಿಸ್ತೂಲಿನಿಂದ ಸುಮಾರು ಅರ್ಧ ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ 150 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ಹತ್ತು ಮೀಟರ್ ದಾಟಲು ಅದಕ್ಕೆ ಬೇಕಾದದ್ದು ಸೆಕೆಂಡಿನ ಹದಿನೈದನೆಯ ಒಂದು ಭಾಗ. ಅಷ್ಟರಲ್ಲಿ ಗುರುತ್ವದಿಂದ ಅದು 22 ಮಿಲಿಮೀಟರಿನಷ್ಟು ಕೆಳಗಿಳಿದಿರುತ್ತದೆ. ಪ್ರತಿ ಗುಂಡೂ ಅಷ್ಟೇ ಇಳಿಯುವುದಾದರೆ ಚಿಂತೆಯಿಲ್ಲ, ಹಿಂದಿನ ಸೈಟಿನ ತಿರುಪನ್ನು ಒಮ್ಮೆ ಹೊಂದಿಸಿಟ್ಟರಾಯಿತು. ಆದರೆ ಒಂದು ಗುಂಡು 150ರ ವೇಗದಲ್ಲಿ, ಮುಂದಿನದು 140ರಲ್ಲಿ ಹೊರಟರೆ ಎರಡರ ನಡುವೆ ಮೂರು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಗುರಿಫಲಕದ ನಟ್ಟನಡುವೆ ಇರುವ ಹತ್ತು ಅಂಕದ ವೃತ್ತದ ವ್ಯಾಸವೇ 11.5 ಮಿ.ಮೀ. ಅಲ್ಲಿಂದಾಚೆಯ ಒಂದೊಂದು ಉಂಗುರದ ಅಗಲ 8 ಮಿ.ಮೀ. ಕಾಗದದ ಫಲಕವನ್ನು ತೂತು ಮಾಡಲು ಈ ವೇಗ ಧಾರಾಳವಾಯಿತು. ಅದು ಪ್ರತಿ ಸಲವೂ ಒಂದೇ ಸಮನಾಗಿರಬೇಕು, ಅಷ್ಟೆ.

ಗಟ್ಟಿ ಸ್ಪ್ರಿಂಗಿನ ತೊಂದರೆ ಇಲ್ಲೇ ಕಾಣುತ್ತದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಪಿಸ್ತೂಲುಗಳಲ್ಲಿ ಟ್ರಿಗರ್ ಎಳೆದಾಗ ಸ್ಪ್ರಿಂಗು ಭಾರವಾದ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ. ಪಿಸ್ಟನ್ ಮುಂದೆ ನುಗ್ಗಿದರೆ ಪಿಸ್ತೂಲು ಹಿಂದೆ ಜಗ್ಗಲೇಬೇಕು. ನ್ಯೂಟನ್ನನ ಮೂರನೆಯ ನಿಯಮಕ್ಕೆ ವಿನಾಯಿತಿಯಿಲ್ಲ. ಈ ಜಗ್ಗಾಟ ನಡೆಯುವುದು ಗುಂಡು ಇನ್ನೂ ನಳಿಗೆಯೊಳಗೇ ಇರುವಾಗ. ಸ್ಪ್ರಿಂಗು ಗಟ್ಟಿಯಾದಷ್ಟೂ ಕುಲುಕು ಹೆಚ್ಚು, ಗುರಿ ತಪ್ಪುವುದೂ ಹೆಚ್ಚು. 1960ರ ದಶಕದಲ್ಲಿ ಜರ್ಮನಿಯ ಫೈನ್‌ವೆರ್ಕ್‌ಬಾವ್ ಕಂಪನಿ ತನ್ನ 65ನೇ ಮಾದರಿಯಲ್ಲಿ ಇದಕ್ಕೊಂದು ಜಾಣ ಉಪಾಯ ಮಾಡಿತು. ಪಿಸ್ತೂಲಿನ ಮೇಲ್ಭಾಗವನ್ನು ಸಣ್ಣ ಹಳಿಗಳ ಮೇಲೆ ಕೂರಿಸಿ, ಹೊಡೆದಾಗ ಅದಷ್ಟೇ ಹಿಂದೆ ಸರಿಯುವಂತೆ ಮಾಡಿದರು. ಕೈಗೆ ಕುಲುಕು ತಟ್ಟಲಿಲ್ಲ.

ಆಮೇಲೆ ಇಂಗಾಲದ ಡೈಆಕ್ಸೈಡ್ ತುಂಬಿದ ಪಿಸ್ತೂಲುಗಳು ಬಂದವು. ಆದರೆ ದ್ರವ ರೂಪದಲ್ಲಿ ತುಂಬಿಟ್ಟ ಈ ಅನಿಲದ ಒತ್ತಡ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 57 ಬಾರ್ ಇದ್ದರೆ, 30 ಡಿಗ್ರಿಯಲ್ಲಿ 72ಕ್ಕೆ ಏರುತ್ತದೆ. 31 ಡಿಗ್ರಿ ದಾಟಿದರೆ ಅದು ದ್ರವವಾಗಿ ಉಳಿಯುವುದೇ ಇಲ್ಲ. ರಾಯಚೂರಿನ ಮೇ ತಿಂಗಳಲ್ಲಿ ಅಂಥ ಪಿಸ್ತೂಲಿನ ಪಾಡು ಏನಾದೀತು, ವಿದ್ಯಾರ್ಥಿಗಳೇ ಊಹಿಸಲಿ. ಇಂದು ಸ್ಪರ್ಧೆಗಳಲ್ಲಿ ಕಾಣುವುದು ಸಂಕುಚಿತ ಗಾಳಿಯ ಸಿಲಿಂಡರ್ ಇರುವ ಪಿಸ್ತೂಲು. ಒಳಗೆ 200 ಬಾರ್ ತನಕ ಒತ್ತಡವಿದ್ದರೂ ರೆಗ್ಯುಲೇಟರ್ ಪ್ರತಿ ಹೊಡೆತಕ್ಕೂ ಒಂದೇ ಅಳತೆಯ ಗಾಳಿ ಬಿಡುತ್ತದೆ. ಅದರ ಬೆಲೆ ಮಾತ್ರ ಲಕ್ಷ ರೂಪಾಯಿ ದಾಟುತ್ತದೆ.

ಹಾಗಾದರೆ ಹವ್ಯಾಸಿ ತಿದ್ದಬೇಕಾದದ್ದು ಏನನ್ನು? ಮೊದಲು ಹಿಡಿಯನ್ನು. ನಳಿಗೆಯ ತುದಿಯಲ್ಲೊಂದು ಪುಟ್ಟ ಕಂಬ, ಹಿಂಬದಿಯಲ್ಲೊಂದು ಚೌಕಾಕಾರದ ಕಚ್ಚು, ಇವೇ ಪಿಸ್ತೂಲಿನ ಎರಡು ಸೈಟುಗಳು. ಎರಡರ ನಡುವೆ 32 ಸೆಂಟಿಮೀಟರ್ ಅಂತರವಿದೆ ಎನ್ನಿ. ಕೈ ನಡುಗಿ ಇಡೀ ಪಿಸ್ತೂಲು ಓರೆಯಾಗದೆ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡೂ ಅಷ್ಟೇ ಸರಿಯುತ್ತದೆ. ಆದರೆ ಮುಂದಿನ ಕಂಬ ಮಾತ್ರ ಕಚ್ಚಿನ ನಡುವಿನಿಂದ ಒಂದು ಮಿಲಿಮೀಟರ್ ಓರೆಯಾದರೆ? ಸಮರೂಪ ತ್ರಿಭುಜಗಳ ಲೆಕ್ಕ ಮಾಡಿ: ಹತ್ತು ಮೀಟರ್ ಆಚೆ ಗುಂಡು 31 ಮಿಲಿಮೀಟರ್ ತಪ್ಪುತ್ತದೆ. ಹೆಚ್ಚುಕಡಿಮೆ ನಾಲ್ಕು ಉಂಗುರ!

ಹಿಡಿ ಸರಿಯಿದೆಯೇ ಎಂದು ತಿಳಿಯಲು ಹಳೆಯ ಪರೀಕ್ಷೆಯೊಂದಿದೆ. ಗುಂಡು ಹಾಕದ ಪಿಸ್ತೂಲನ್ನು ಹಿಡಿದು, ಕಣ್ಣು ಮುಚ್ಚಿ, ತೋಳನ್ನು ಗುರಿಯತ್ತ ಎತ್ತಬೇಕು. ಕಣ್ಣು ತೆರೆದಾಗ ಕಂಬ ಕಚ್ಚಿನ ನಡುವೆ ನಿಂತಿದ್ದರೆ ಹಿಡಿ ಸರಿಯಿದೆ. ಪ್ರತಿ ಸಲವೂ ಒಂದೇ ಕಡೆ ವಾಲಿದ್ದರೆ ಹಿಡಿಯನ್ನು ತಿದ್ದಬೇಕು. ಒಳ್ಳೆಯ ಹಿಡಿಗಳನ್ನು ಅಕ್ರೋಟು ಮರದಲ್ಲಿ ಮಾಡುತ್ತಾರೆ. ಅಂಗೈಗೆ ತಾಗದ ಟೊಳ್ಳಿಗೆ ಪುಟ್ಟಿ ತುಂಬಬೇಕು, ಒತ್ತುವ ಜಾಗವನ್ನು ಅರದಿಂದ ಸವೆಸಿ ಉಪ್ಪುಕಾಗದದಿಂದ ಉಜ್ಜಬೇಕು. ಒಂದು ಸಲಕ್ಕೆ ಸ್ವಲ್ಪ ಮಾತ್ರ. ಒಂದು ವಾರ ಅಭ್ಯಾಸ ಮಾಡಿ ನೋಡಿದ ಮೇಲೆ ಮತ್ತೆ ಸ್ವಲ್ಪ. ಸವೆಸಿದ ಮರ ಹಿಂದಕ್ಕೆ ಬರುವುದಿಲ್ಲವಲ್ಲ! ಬೆಳೆಯುವ ಮಕ್ಕಳ ಅಂಗೈಯೂ ಬೆಳೆಯುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆ ಈ ಕೆಲಸ ಇದ್ದದ್ದೇ.

ಅದಾದ ಮೇಲೆ ಟ್ರಿಗರ್. ಒಳ್ಳೆಯ ಪಿಸ್ತೂಲಿನಲ್ಲಿ ಅದನ್ನು ಹಿಂದೆ ಮುಂದೆ ಸರಿಸಲು ತಿರುಪುಗಳಿರುತ್ತವೆ. ಬೆರಳು ನೇರ ಹಿಂದಕ್ಕೆ ಎಳೆಯುವಂತೆ ಅದನ್ನು ಹೊಂದಿಸಬೇಕು. ಪಕ್ಕಕ್ಕೆ ಒತ್ತಿದರೆ ನಳಿಗೆಯೂ ಪಕ್ಕಕ್ಕೆ ಹೊರಳುತ್ತದೆ. ತೀರಾ ಹಗುರ ಮಾಡುವಂತಿಲ್ಲ. ಅಂತರರಾಷ್ಟ್ರೀಯ ನಿಯಮದಂತೆ ಟ್ರಿಗರಿನ ಬಿಗಿ ಕನಿಷ್ಠ 500 ಗ್ರಾಂ ಇರಬೇಕು. ಪಿಸ್ತೂಲನ್ನು ನೆಟ್ಟಗೆ ಮೇಲ್ಮುಖವಾಗಿ ಹಿಡಿದು ಟ್ರಿಗರಿಗೆ ಅಷ್ಟು ತೂಕದ ಬಟ್ಟು ನೇತುಹಾಕಿ ಎತ್ತಿ ನೋಡುತ್ತಾರೆ. ಇಡೀ ಪಿಸ್ತೂಲಿನ ತೂಕ 1500 ಗ್ರಾಂ ಮೀರಬಾರದು, 420, 200 ಮತ್ತು 50 ಮಿ.ಮೀ. ಅಳತೆಯ ಪೆಟ್ಟಿಗೆಯಲ್ಲಿ ಅದು ಹಿಡಿಸಬೇಕು. ಹಿಡಿ ಮಣಿಕಟ್ಟಿಗೆ ಆಸರೆಯಾಗುವಂತೆಯೂ ಇಲ್ಲ.

ಕನ್ನಡಕ, ಕಣ್ಣುಮರೆ ಮುಂತಾದ ಪರಿಕರಗಳಿಗೆ ದುಡ್ಡು ಸುರಿಯುವ ಮೊದಲು ಟರ್ಕಿಯ ಯೂಸುಫ್ ಡಿಕೆಚ್‌ರನ್ನು ನೆನೆಯಬಹುದು. ಪ್ಯಾರಿಸ್‌ನ ಮಿಶ್ರ ತಂಡ ಸ್ಪರ್ಧೆಯಲ್ಲಿ ಅವರು ದಿನನಿತ್ಯದ ಕನ್ನಡಕ ಹಾಕಿಕೊಂಡೇ ಬೆಳ್ಳಿ ಗೆದ್ದರು. ಒಂದು ಕೈ ಜೇಬಿನಲ್ಲಿತ್ತೆಂದು ಜಗತ್ತೆಲ್ಲ ಬೆರಗಾಯಿತು. ಪಿಸ್ತೂಲುಗಾರರು ಬಿಡುವಾದ ಕೈಯನ್ನು ಅಲ್ಲಾಡದಂತೆ ಜೇಬಿನಲ್ಲೋ ಸೊಂಟದಲ್ಲೋ ಇರಿಸುವುದು ತೀರಾ ಮಾಮೂಲು.

ದುಡ್ಡು ಖರ್ಚಾಗಬೇಕಾದದ್ದು ನಿರ್ವಹಣೆಗೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲಿನ ಲಿವರ್ ಮುರಿಯಿತು. ದುರಸ್ತಿಯಲ್ಲಿ ಅಮೂಲ್ಯ ನಿಮಿಷಗಳು ಹೋದವು. 575 ಅಂಕ ಗಳಿಸಿಯೂ ಅವರು 12ನೆಯ ಸ್ಥಾನಕ್ಕೆ ನಿಲ್ಲಬೇಕಾಯಿತು. ಸಿಲಿಂಡರಿನ ಮೇಲೆ ಅಚ್ಚೊತ್ತಿದ ದಿನಾಂಕವನ್ನೂ ಪಾಲಕರು ಓದಿ ನೋಡಬೇಕು. ಒಳಗಿರುವುದು ಕಾರಿನ ಟೈರಿನಲ್ಲಿರುವುದಕ್ಕಿಂತ ಸುಮಾರು ನೂರು ಪಟ್ಟು ಒತ್ತಡ. ಅದನ್ನು ಬಿಚ್ಚುವುದು, ರೆಗ್ಯುಲೇಟರಿಗೆ ಕೈ ಹಾಕುವುದು ಮನೆಯ ಕೆಲಸವಲ್ಲ.

ಕಾನೂನಿನ ಮಾತೂ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಶಕ್ತಿ ಅಥವಾ 4.5 ಮಿ.ಮೀ. ನಳಿಗೆ ವ್ಯಾಸ ಮೀರಿದ ಗಾಳಿ ಆಯುಧಕ್ಕೆ ಪರವಾನಗಿ ಬೇಕು. ಸ್ಪರ್ಧೆಯ ಪಿಸ್ತೂಲಿನ ಶಕ್ತಿ ಐದಾರು ಜೂಲ್ ಅಷ್ಟೆ, ಆದರೆ ಒಂದು ಕಣ್ಣು ಹೋಗಲು ಅಷ್ಟು ಸಾಕು. ಗುಂಡು ಸೀಸದ್ದಾದ್ದರಿಂದ ಅಭ್ಯಾಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ತಿಂಡಿ ಮುಟ್ಟಬಾರದು. ತರಬೇತಿ ಕೇಂದ್ರಗಳಲ್ಲಿ ಬಳಸದಿರುವಾಗ ನಳಿಗೆಯ ಉದ್ದಕ್ಕೂ ಕಣ್ಣು ಕುಕ್ಕುವ ಬಣ್ಣದ ದಾರ ತೂರಿಸಿಡುತ್ತಾರೆ. ದಾರ ಕಾಣುತ್ತಿದ್ದರೆ ಒಳಗೆ ಗುಂಡಿಲ್ಲವೆಂದು ದೂರದಿಂದಲೇ ಗೊತ್ತಾಗುತ್ತದೆ. ಪಿಸ್ತೂಲಿಗೆ ಹೊಸದಾಗಿ ಏನಾದರೂ ಸೇರಿಸಲೇಬೇಕೆಂಬ ಮಕ್ಕಳಿಗೆ ಮೊದಲು ಕೊಡಿಸಬೇಕಾದದ್ದು ಈ ದಾರ.