ಬಣ್ಣದ ಮೈಗೆ ಮೇಣದ ಕವಚ

ಹಿತ್ತಾಳೆಯ ತಂಬಿಗೆಯನ್ನು ಹುಣಿಸೆಹಣ್ಣು, ಬೂದಿ ಹಚ್ಚಿ ಉಜ್ಜಿದಷ್ಟೂ ಅದು ಫಳಫಳಿಸುತ್ತದೆ. ತಲೆತಲಾಂತರದ ಈ ಅನುಭವದಿಂದ ‘ಉಜ್ಜಿದರೆ ಹೊಳಪು’ ಎಂಬ ಸೂತ್ರವೊಂದು ಗೃಹಸ್ಥರ ಮನಸ್ಸಿನಲ್ಲಿ ನೆಲೆಯೂರಿದೆ. ತಂಬಿಗೆಯ ಮಟ್ಟಿಗೆ ಆ ಸೂತ್ರ ನಿಜ. ಏಕೆಂದರೆ ಅದು ಒಳಗೂ ಹೊರಗೂ ಹಿತ್ತಾಳೆಯೇ. ಕಾರಿಗೆ ಅದೇ ಸೂತ್ರವನ್ನು ಅನ್ವಯಿಸಿದವನು ಮಾತ್ರ ಎರಡು ಮೂರು ವರ್ಷಗಳಲ್ಲಿ ಪಶ್ಚಾತ್ತಾಪ ಪಡಬೇಕಾಗುತ್ತದೆ. ಅಲ್ಲಿ ಹೊಳೆಯುವುದು ಲೋಹವಲ್ಲ, ಲೋಹಕ್ಕೆ ಹೊದಿಸಿದ ತೆಳುವಾದ ಬಣ್ಣದ ಚರ್ಮ.

ಆ ಚರ್ಮ ಎಷ್ಟು ತೆಳು ಎಂಬುದನ್ನು ತಿಳಿದರೆ ಆಶ್ಚರ್ಯವಾದೀತು. ಕಾರ್ಖಾನೆಯಿಂದ ಹೊರಬಂದ ಹೊಸ ಕಾರಿನ ತಗಡಿನ ಮೇಲೆ ಮೊದಲು ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತವೆ. ಇವೆಲ್ಲವೂ ಸೇರಿದರೆ ದಪ್ಪ ಸುಮಾರು ೧೦೦ರಿಂದ ೧೫೦ ಮೈಕ್ರಾನ್. ಎಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಕ್ಲಿಯರ್ ಕೋಟಿನ ಪಾಲು ಅದರಲ್ಲಿ ಬರಿಯ ೪೦-೫೦ ಮೈಕ್ರಾನ್, ತಲೆಗೂದಲಿಗಿಂತಲೂ ತೆಳು. ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಯುವ ಕೆಲಸ ಈ ಕೂದಲೆಳೆಯಷ್ಟು ಪದರದ್ದು. ಅದು ಸವೆದು ಹೋಯಿತೆಂದರೆ ಬಾನೆಟ್ಟಿನ ಮೇಲೆ ಬಿಳಿಯ ಚಿಬ್ಬು ಕಾಣಿಸಿಕೊಳ್ಳುತ್ತದೆ. ಹೊಪ್ಪಳಿಕೆ ಎದ್ದು ಉದುರತೊಡಗುತ್ತದೆ. ಆಗ ಯಾವ ಡಬ್ಬಿಯ ಮೇಣವೂ ಅದನ್ನು ಮರಳಿ ತರಲಾರದು. ಮತ್ತೆ ಬಣ್ಣ ಹೊಡೆಸುವುದೊಂದೇ ದಾರಿ.

ಇದು ಶ್ರೀಮಂತರ ಶೋಕಿಯ ಮಾತೆಂದು ತಳ್ಳಿಹಾಕುವಂತಿಲ್ಲ. ಸಾಲ ಮಾಡಿ ಕಾರು ಕೊಂಡು, ಕೊಪ್ಪಳದಿಂದ ಹುಲಿಗಿಗೂ ಗಂಗಾವತಿಯಿಂದ ಅಂಜನಾದ್ರಿಗೂ ಭಕ್ತರನ್ನು ಕರೆದೊಯ್ಯುತ್ತ ಕಂತು ಕಟ್ಟುವ ಚಾಲಕನಿಗೆ ವಾಹನದ ಮೈಯೇ ಬಂಡವಾಳ. ಮದುವೆಯ ದಿಬ್ಬಣಕ್ಕೆ ಕಾರು ಗೊತ್ತುಮಾಡಲು ಬಂದವರು ಎಂಜಿನ್ ತೆರೆದು ನೋಡುವುದಿಲ್ಲ. ಮೈ ನೋಡಿ ಮಾತಾಡುತ್ತಾರೆ. ಮಾರುವ ಕಾಲಕ್ಕೆ ದಲ್ಲಾಳಿಯ ದೃಷ್ಟಿ ಮೊದಲು ಬೀಳುವುದೂ ಬಾನೆಟ್ಟಿನ ಮೇಲೆಯೇ.

ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ

ಅಂಗಡಿಗೆ ಹೋಗಿ “ಕಾರಿಗೆ ಹೊಳಪು ಬರುವ ಡಬ್ಬಿ ಕೊಡಿ” ಎಂದು ಕೇಳುವವರೇ ಹೆಚ್ಚು. ಅಂಗಡಿಯವನು ಕೈಗೆ ಸಿಕ್ಕಿದ್ದನ್ನು ಕೊಡುತ್ತಾನೆ. ಆದರೆ ಅಲ್ಲಿರುವ ಡಬ್ಬಿಗಳು ಎರಡು ವಿರುದ್ಧ ಸ್ವಭಾವದವು. ಪಾಲಿಶ್ ಮತ್ತು ಅದಕ್ಕಿಂತ ಒರಟಾದ ರಬ್ಬಿಂಗ್ ಕಾಂಪೌಂಡ್ ಬಣ್ಣದಿಂದ ಏನನ್ನಾದರೂ ತೆಗೆಯುತ್ತವೆ. ವ್ಯಾಕ್ಸ್ ಬಣ್ಣದ ಮೇಲೆ ಏನನ್ನಾದರೂ ಸೇರಿಸುತ್ತದೆ. ಪಾಲಿಶಿನಲ್ಲಿ ಕಣ್ಣಿಗೆ ಕಾಣದಷ್ಟು ನುಣುಪಾದ ಅರೆಯುವ ಪುಡಿ ಇರುತ್ತದೆ. ಗೀರು ಬಿದ್ದ ಮೈಯನ್ನು ಅದು ಒಂದಿಷ್ಟು ತೇಯ್ದು ಸಮಮಾಡುತ್ತದೆ; ಸಮವಾದ ಮೈಯಿಂದ ಬೆಳಕು ನೇರವಾಗಿ ಮರಳುವುದರಿಂದ ಹೊಳಪು ಕಾಣುತ್ತದೆ. ಹೀಗೆ ಪ್ರತಿಯೊಂದು ಪಾಲಿಶಿಗೂ ಕ್ಲಿಯರ್ ಕೋಟು ಕಪ್ಪ ಕೊಡಬೇಕು. ಆದ್ದರಿಂದ ಪಾಲಿಶ್ ಔಷಧಿ, ವ್ಯಾಕ್ಸ್ ಪಥ್ಯ. ಔಷಧಿ ರೋಗ ಬಂದಾಗ ಮಾತ್ರ, ಪಥ್ಯ ದಿನನಿತ್ಯ.

ತಿಂಗಳಿಗೊಮ್ಮೆ ಕಾಂಪೌಂಡ್ ಹಾಕಿ ತಿಕ್ಕಬೇಕೆಂಬ ಹಳೆಯ ಚಾಲಕರ ಉಪದೇಶಕ್ಕೂ ಒಂದು ಕಾರಣವುಂಟು. ಹಳೆಯ ಅಂಬಾಸಡರ್ ಕಾರುಗಳ ಬಣ್ಣಕ್ಕೆ ಕ್ಲಿಯರ್ ಕೋಟಿನ ರಕ್ಷೆ ಇರಲಿಲ್ಲ. ಬಿಸಿಲಿಗೆ ಬಣ್ಣದ ಮೇಲ್ಮೈಯೇ ಸುಣ್ಣದಂತೆ ಪುಡಿಗಟ್ಟುತ್ತಿತ್ತು. ಆ ಸತ್ತ ಪದರವನ್ನು ತಿಕ್ಕಿ ತೆಗೆದರೆ ಕೆಳಗಿನ ಹೊಸ ಬಣ್ಣ ಕಾಣುತ್ತಿತ್ತು. ಅಂಬಾಸಡರಿನ ತಯಾರಿಕೆ ೨೦೧೪ರಲ್ಲಿ ನಿಂತಿತು. ಉಪದೇಶ ಮಾತ್ರ ಉಳಿದುಕೊಂಡಿದೆ. ತಮ್ಮ ವಾಹನ ಯಾವ ಜಾತಿಯದೆಂದು ತಿಳಿಯಬಯಸುವವರು ಬಿಳಿಯ ಬಟ್ಟೆಗೆ ಒಂದು ಹನಿ ಪಾಲಿಶ್ ಹಾಕಿ, ಕಣ್ಣಿಗೆ ಬೀಳದ ಮೂಲೆಯಲ್ಲಿ ಮೆಲ್ಲಗೆ ಉಜ್ಜಿ ನೋಡಬೇಕು. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಹಳೆಯ ರೀತಿಯ ಲೇಪನ. ಹತ್ತದಿದ್ದರೆ ಮೇಲೆ ಕ್ಲಿಯರ್ ಕೋಟ್ ಇದೆಯೆಂದು ಅರ್ಥ.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ಪೀಡೆ

೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆ ರೂಪುಗೊಂಡಾಗ ಅದರಲ್ಲಿದ್ದುವು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು. ವಾಹನದ ಬಣ್ಣಕ್ಕೆ ಈ ನಾಲ್ಕೂ ಕಡೆ ಒಂದೊಂದು ಬಗೆಯ ಪೀಡೆ ಕಾದಿದೆ.

ಕೊಪ್ಪಳ-ಹೊಸಪೇಟೆ ಹಾದಿಯ ಗಿಣಿಗೇರಿ ಸುತ್ತಮುತ್ತ ಕಬ್ಬಿಣದ ಕಾರ್ಖಾನೆಗಳು ನಿಂತಿವೆ. ಅಲ್ಲಿ ರಾತ್ರಿ ನಿಲ್ಲಿಸಿದ ಬಿಳಿಯ ಕಾರಿನ ಮೇಲೆ ಬೆಳಗಿನಲ್ಲಿ ಕಪ್ಪು ಪುಡಿ ಕೂತಿರುತ್ತದೆ. ಅದರಲ್ಲಿನ ಕಬ್ಬಿಣದ ಕಣಗಳು ಇಬ್ಬನಿಯ ತೇವಕ್ಕೆ ತುಕ್ಕು ಹಿಡಿದು, ಬಣ್ಣದೊಳಕ್ಕೆ ಕಚ್ಚಿಕೊಂಡು, ಕೆಲವು ದಿನಗಳಲ್ಲಿ ಕೇಸರಿ ಚುಕ್ಕೆಗಳಾಗುತ್ತವೆ. ಈ ಧೂಳು ಕಾರಿಗಷ್ಟೇ ಬೀಳುವುದಲ್ಲ. ಹೊಲದ ಬೆಳೆಗೂ ಅಂಗಳದಲ್ಲಿ ಆಡುವ ಮಗುವಿನ ಉಸಿರಿಗೂ ಬೀಳುತ್ತದೆ. ಕಾರ್ಖಾನೆಯ ವಿಸ್ತರಣೆ ಬೇಡವೆಂದು ೨೦೨೫ರ ಫೆಬ್ರವರಿಯಲ್ಲಿ ಕೊಪ್ಪಳದ ಜನ ಬಂದ್ ಆಚರಿಸಿ ಬೀದಿಗಿಳಿದದ್ದು ಈ ಕಾರಣಕ್ಕೇ. ವಾಹನದ ಮೈಗಾದರೆ ಮೇಣ ಹಚ್ಚಬಹುದು. ಪುಪ್ಪುಸಕ್ಕೆ ಹಚ್ಚುವ ಮೇಣ ಯಾವ ಅಂಗಡಿಯಲ್ಲಿಯೂ ಇಲ್ಲ.

ಗಂಗಾವತಿ ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಬತ್ತದ ಕಣಜವಾದ ನಾಡು. ಅಕ್ಕಿ ಗಿರಣಿಗಳ ಹೊಟ್ಟು ಉರಿದ ಬೂದಿ ಗಾಳಿಯಲ್ಲಿ ಹಾರಿ ಬರುವುದು ಅಲ್ಲಿಯವರಿಗೆ ಹೊಸದಲ್ಲ. ಹೊಟ್ಟಿನ ಬೂದಿಯಲ್ಲಿ ನೂರಕ್ಕೆ ೮೦ ಭಾಗಕ್ಕೂ ಮಿಕ್ಕಿ ಸಿಲಿಕಾ, ಎಂದರೆ ಮರಳಿನ ಮೂಲದ್ರವ್ಯ. ಪಾತ್ರೆ ಬೆಳಗಲು ಅದು ಒಳ್ಳೆಯದಾಗಿರುವುದು ಈ ಕಾರಣಕ್ಕೇ. ಕಾರಿನ ಮೇಲೆ ಕೂತ ಬೂದಿಯನ್ನು ಒಣ ಬಟ್ಟೆಯಿಂದ ಕೊಡಹಿ ಒರೆಸಬಾರದೆಂಬುದೂ ಈ ಕಾರಣಕ್ಕೇ. ಬೆಳಗಿನಲ್ಲಿ ಹೆಗಲ ವಸ್ತ್ರದಿಂದ ಪಟಪಟನೆ ಒರೆಸುವ ಚಾಲಕ ದಿನಕ್ಕೊಂದು ಸಲ ತನ್ನ ಕಾರಿಗೆ ಮರಳುಕಾಗದ ಹಿಡಿಯುತ್ತಿರುತ್ತಾನೆ. ಬಿಸಿಲಿನಲ್ಲಿ ಓರೆಯಾಗಿ ನೋಡಿದಾಗ ಜೇಡನ ಬಲೆಯಂತೆ ಕಾಣುವ ಸಣ್ಣ ಗೀರುಗಳು ಹೀಗೆ ಹುಟ್ಟಿದವು.

ಕುಷ್ಟಗಿ, ಯಲಬುರ್ಗಾಗಳ ಕಡೆ ಬಹುಮಟ್ಟಿಗೆ ಕೊಳವೆಬಾವಿಯ ನೀರೇ ಗತಿ. ಅದು ಗಡಸು ನೀರು. ತೊಳೆದ ಕಾರನ್ನು ಬಿಸಿಲಿಗೆ ಬಿಟ್ಟರೆ ಹನಿಗಳು ಆರಿ, ಅವುಗಳಲ್ಲಿನ ಲವಣಗಳು ಸುಣ್ಣದ ಬಳೆಯಂತೆ ಮೈಮೇಲೆ ಉಳಿಯುತ್ತವೆ. ಇದಕ್ಕಾಗಿ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕೊಡ ತುಂಬಿ ತಂದು ಕಾರಿಗೆ ಸುರಿಯುವುದು ಧರ್ಮವಲ್ಲ, ಅಗತ್ಯವೂ ಇಲ್ಲ. ನೆರಳಿನಲ್ಲಿ ತೊಳೆದು, ಹನಿ ಆರುವ ಮುನ್ನವೇ ಮೆತ್ತನೆಯ ಬಟ್ಟೆಯಿಂದ ನೀರೊತ್ತಿ ತೆಗೆದರೆ ಸಾಕು. ಈಗಾಗಲೇ ಕಲೆಯಾಗಿದ್ದರೆ ನೀರು ಬೆರೆಸಿದ ವಿನೆಗರ್ ಹಚ್ಚಿ ಒರೆಸಿ, ಒಡನೆ ತೊಳೆದುಬಿಡಬೇಕು. ಕುಷ್ಟಗಿಯ ಮೇಲೆ ಹಾದುಹೋಗುವ ೫೦ನೇ ಸಂಖ್ಯೆಯ ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಓಡುವವರಿಗೆ ಕಲ್ಲು ಸಿಡಿಯುವ ತೊಂದರೆ ಬೇರೆ. ಅದನ್ನು ಯಾವ ಮೇಣವೂ ತಡೆಯಲಾರದು. ದೂರ ಕಾಯ್ದುಕೊಳ್ಳುವುದೇ ಅದಕ್ಕೆ ಮದ್ದು.

ಕಿನ್ನಾಳದ ಚಿತ್ರಗಾರರ ಪಾಠ

ಬಣ್ಣ ಬಾಳಬೇಕಾದರೆ ಕೆಳಗಿನ ಮೈ ಹದವಾಗಿರಬೇಕೆಂಬುದನ್ನು ಕೊಪ್ಪಳದವರು ಹೊರಗಿನವರಿಂದ ಕಲಿಯಬೇಕಾಗಿಲ್ಲ. ಹತ್ತಿರದ ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ಗೊಂಬೆ ಕಡೆದು, ಹುಣಿಸೆಬೀಜದ ಅಂಟಿನಿಂದ ಭಾಗಗಳನ್ನು ಜೋಡಿಸಿ, ಸೆಣಬಿನ ಪುಡಿ, ಮರದ ಹೊಟ್ಟು ಕಲಸಿದ ಕಿಟ್ಟವನ್ನು ಮೈಗೆಲ್ಲ ಮೆತ್ತುತ್ತಾರೆ. ಅದರ ಮೇಲೆ ಬಟ್ಟೆಯ ಚೂರು, ಅದರ ಮೇಲೆ ಕಲ್ಲಿನ ಪುಡಿಯ ಲೇಪ. ಇಷ್ಟೆಲ್ಲ ಆದ ಮೇಲೆಯೇ ಕುಂಚಕ್ಕೆ ಬಣ್ಣ. ಅವಸರದಲ್ಲಿ ಒಂದು ಹಂತ ಬಿಟ್ಟರೆ ಬಣ್ಣ ಬಿರಿಯುತ್ತದೆ. ಮೇಣದ ವಿಚಾರವೂ ಹೀಗೆಯೇ. ಕೊಳೆಯ ಮೇಲೆ ಹಚ್ಚಿದ ಮೇಣ ಕೊಳೆಯನ್ನು ಕಾಪಾಡುತ್ತದೆಯೇ ಹೊರತು ಬಣ್ಣವನ್ನಲ್ಲ.

ತೊಳೆದು ಒಣಗಿಸಿದ ಬಾನೆಟ್ಟಿನ ಮೇಲೆ, ತೆಳ್ಳನೆಯ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಮೆಲ್ಲಗೆ ಸವರಿ ನೋಡಬೇಕು. ಬರಿಗೈಗೆ ನುಣುಪಾಗಿ ತೋರಿದ ಮೈ ಚೀಲದೊಳಗಿನ ಬೆರಳಿಗೆ ರವೆಯಂತೆ ತಗುಲಿದರೆ ಕಣಗಳು ಕಚ್ಚಿಕೊಂಡಿವೆಯೆಂದು ತಿಳಿಯಬೇಕು. ಕಣಕದಂತೆ ನಾದಬಹುದಾದ ಕ್ಲೇ ಬಾರ್ ಎಂಬ ಜೇಡಿಯನ್ನು ಸಾಬೂನಿನ ತೇವದ ಮೇಲೆ ಜಾರಿಸಿದರೆ ಅವು ಅದಕ್ಕೆ ಅಂಟಿ ಬರುತ್ತವೆ. ಕಬ್ಬಿಣದ ಕಣಗಳಿಗೆಂದೇ ಬೇರೆ ದ್ರಾವಣವುಂಟು. ಕಬ್ಬಿಣ ತಗುಲಿದ ಕಡೆ ಅದು ನೇರಳೆ ಬಣ್ಣಕ್ಕೆ ತಿರುಗಿ ತನ್ನ ಕೆಲಸವನ್ನು ಕಣ್ಣಿಗೆ ತೋರಿಸುತ್ತದೆ. ಗಿಣಿಗೇರಿ ಹಾದಿಯಲ್ಲಿ ನಿತ್ಯ ಓಡಾಡುವವರಿಗೆ ಇದು ಉಪಯುಕ್ತ.

ಯಾವ ಮೇಣ ಲೇಸು?

ಮೇಣಗಳಲ್ಲಿ ಹೆಸರುವಾಸಿಯಾದದ್ದು ಕಾರ್ನೌಬಾ. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರ ಬೇಗೆಯಲ್ಲಿ ತನ್ನ ಎಲೆಯ ತೇವ ಆರದಿರಲೆಂದು ಮೇಣ ಹೊದ್ದುಕೊಳ್ಳುತ್ತದೆ. ಎಲೆಗಳನ್ನು ಕೊಯ್ದು ಒಣಗಿಸಿ ಬಡಿದರೆ ಮೇಣ ಉದುರುತ್ತದೆ. ಜೇನುಮೇಣ ೬೨-೬೪ ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗಿದರೆ ಕಾರ್ನೌಬಾ ಕರಗಲು ೮೨-೮೬ ಡಿಗ್ರಿ ಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಬಯಲಲ್ಲಿ ನಿಂತ ಕಪ್ಪು ಕಾರಿನ ನೆತ್ತಿ ೭೦ ಡಿಗ್ರಿಯ ಸಮೀಪಕ್ಕೆ ಕಾಯಬಹುದಾದ್ದರಿಂದ ಈ ವ್ಯತ್ಯಾಸ ಕೊಪ್ಪಳದಂಥ ಸೀಮೆಯಲ್ಲಿ ಕ್ಷುಲ್ಲಕವಲ್ಲ. ಮೆದುವಾದ ಮೇಣ ಆ ಬಿಸಿಗೆ ಸಡಿಲಗೊಂಡು ಧೂಳನ್ನು ಹಿಡಿದುಕೊಳ್ಳುತ್ತದೆ. ಅಪ್ಪಟ ಕಾರ್ನೌಬಾ ಕಲ್ಲಿನಂತೆ ಗಡುಸು. ಹಚ್ಚಲು ಬರುವಂತೆ ಅದಕ್ಕೆ ಬೇರೆ ಮೇಣಗಳನ್ನೂ ದ್ರಾವಕವನ್ನೂ ಬೆರೆಸಿರುತ್ತಾರೆ. ಆದ್ದರಿಂದ ಡಬ್ಬಿಯ ಮೇಲಿನ ಹೆಸರನ್ನಷ್ಟೇ ನಂಬದೆ ಬೆಲೆ, ಬಾಳಿಕೆಗಳನ್ನೂ ವಿಚಾರಿಸಬೇಕು.

ಇಂಥ ಮೇಣದ ಲೇಪ ಕೆಲವು ವಾರಗಳಿಂದ ಎರಡು ಮೂರು ತಿಂಗಳವರೆಗೆ ಬಾಳುತ್ತದೆ. ಅದಕ್ಕಿಂತ ಹೆಚ್ಚು ಕಾಲ ಬೇಕೆನ್ನುವವರಿಗೆ ಸೀಲಂಟ್ ಎಂಬ ಕೃತಕ ಪಾಲಿಮರ್ ಲೇಪನವಿದೆ. ಹೊಳಪಿನಲ್ಲಿ ಮೇಣದ ಆಳ ತುಸು ಕಡಮೆಯಾದರೂ ಬಿಸಿಲನ್ನು ಅದು ಚೆನ್ನಾಗಿ ತಾಳುತ್ತದೆ. ಹೊತ್ತಿಲ್ಲದ ಬಾಡಿಗೆ ವಾಹನದವರಿಗೆ ಇದೇ ಹಿತ. ಇತ್ತೀಚೆಗೆ ದೊಡ್ಡ ಮೊತ್ತ ಪಡೆದು ಹಾಕುವ ಸೆರಾಮಿಕ್ ಲೇಪನ ಸಿಲಿಕಾ ಮೂಲದ್ದು. ಸರಿಯಾಗಿ ಹಾಕಿದರೆ ವರ್ಷಕ್ಕೂ ಮೀರಿ ನಿಲ್ಲುತ್ತದೆ. ಆದರೆ ಅದನ್ನು ಹಾಕಿಸಿದ ಮೇಲೆ ಗೀರೇ ಬೀಳದು, ಕಲೆಯೇ ಆಗದು, ತೊಳೆಯುವುದೇ ಬೇಡ ಎಂಬ ಮಾತು ವ್ಯಾಪಾರದ್ದು. ಗಡಸು ನೀರಿನ ಕಲೆ ಅದರ ಮೇಲೂ ಕೂರುತ್ತದೆ.

ಬಟ್ಟೆಗೆ ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಒರೆಸುವ ಪದ್ಧತಿಯೂ ಅಲ್ಲಲ್ಲಿ ಉಂಟು. ಆ ಕ್ಷಣಕ್ಕೆ ಅದು ಕಣ್ಣು ಕುಕ್ಕುತ್ತದೆ. ಅರ್ಧ ಹರದಾರಿ ಹೋಗುವಷ್ಟರಲ್ಲಿ ಜಿಡ್ಡಿನ ಮೇಲೆ ಧೂಳು ಮೆತ್ತಿಕೊಂಡು ಮೊದಲಿಗಿಂತ ಕೀಳಾಗುತ್ತದೆ. ಬಟ್ಟೆ ಒಗೆಯುವ ಪುಡಿಯೂ ಬೇಡ. ಅದು ಹಚ್ಚಿದ ಮೇಣವನ್ನೇ ತೊಳೆದು ಹಾಕುತ್ತದೆ. ಕಾರಿಗೆಂದೇ ಇರುವ ಶಾಂಪೂ ಲೇಸು. ಗ್ಯಾರೇಜಿನಲ್ಲಿ ಹೊಸದಾಗಿ ಬಣ್ಣ ಹೊಡೆಸಿದವರು ಕಡಮೆಯೆಂದರೆ ಒಂದು ತಿಂಗಳು ಮೇಣ ಹಚ್ಚಬಾರದು. ಬಣ್ಣದೊಳಗಿನ ದ್ರಾವಕ ಆರಿ ಹೋಗಲು ಅವಕಾಶ ಬೇಕು.

ಹಚ್ಚುವ ಕ್ರಮ

ಮುಂಜಾನೆ ಅಥವಾ ಸಂಜೆ, ನೆರಳಿನಲ್ಲಿ, ತಗಡು ತಣ್ಣಗಿರುವಾಗ ಕೆಲಸ ಪ್ರಾರಂಭಿಸಬೇಕು. ಮೊದಲು ಧಾರಾಳ ನೀರು ಹರಿಸಿ ಮರಳು, ಬೂದಿ ಇಳಿಸಬೇಕು. ಎರಡು ಬಕೆಟ್ ಇಟ್ಟುಕೊಂಡು ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು ಇರಿಸಬೇಕು. ಮೇಲ್ಛಾವಣಿಯಿಂದ ಕೆಳಕ್ಕೆ ಇಳಿಯಬೇಕು. ಆರಿದ ಮೇಲೆ ಗೀರುಗಳಿದ್ದರೆ ಮಾತ್ರ, ಎಲ್ಲಕ್ಕಿಂತ ನಯವಾದ ಪಾಲಿಶಿನಿಂದ ಆ ಭಾಗವನ್ನಷ್ಟೇ ಸರಿಪಡಿಸಬೇಕು. ಉಗುರಿಗೆ ತಗುಲುವಷ್ಟು ಆಳವಾದ ಗೀರನ್ನು ತೇಯ್ದು ಅಳಿಸುವ ಹಟ ಬೇಡ. ಗೀರು ಹೋಗುವುದರೊಳಗೆ ಕ್ಲಿಯರ್ ಕೋಟೇ ಹೋಗಿರುತ್ತದೆ.

ಕೊನೆಗೆ ಮೇಣ. ಬಾಗಿಲಿಗೊಂದು ಸಲ, ಬಾನೆಟ್ಟಿಗೊಂದು ಸಲ, ಹೀಗೆ ಭಾಗಭಾಗವಾಗಿ ಸಾಧ್ಯವಾದಷ್ಟು ತೆಳ್ಳಗೆ ಸವರಬೇಕು. ದಪ್ಪ ಬಳಿದರೆ ರಕ್ಷಣೆ ಹೆಚ್ಚುವುದಿಲ್ಲ, ಒರೆಸುವ ಶ್ರಮ ಹೆಚ್ಚುತ್ತದೆ. ಮಂಜು ಕವಿದಂತಾದಾಗ ಬೆರಳಿನಿಂದ ಒಮ್ಮೆ ಎಳೆದು ನೋಡಿ, ಜಿಡ್ಡಿಲ್ಲದೆ ಸ್ವಚ್ಛವಾದ ಗೆರೆ ಮೂಡಿದರೆ ಹದವಾಗಿದೆಯೆಂದು ತಿಳಿದು ಒರೆಸಿ ತೆಗೆಯಬಹುದು. ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ತಗುಲದಂತೆ ಎಚ್ಚರವಿರಲಿ. ಅಲ್ಲಿ ಬಿಳಿಯ ಕಲೆ ಉಳಿಯುತ್ತದೆ. ಮತ್ತೆ ಯಾವಾಗ ಹಚ್ಚಬೇಕೆಂಬುದನ್ನು ನೀರೇ ಹೇಳುತ್ತದೆ: ಕೆಸುವಿನ ಎಲೆಯ ಮೇಲಿನ ಹನಿಯಂತೆ ನೀರು ಗುಂಡಗೆ ನಿಂತು ಉರುಳಿದರೆ ಮೇಣ ಇದೆ, ಹಾಸಿಕೊಂಡು ನಿಂತರೆ ಮುಗಿದಿದೆ.

ಈ ಕೆಲಸಕ್ಕೆ ಬಹಳ ಒಪ್ಪುವ ಕಾಲ ಎರಡು: ಬೇಸಗೆ ಕಾಲಿಡುವ ಮುನ್ನ ಒಮ್ಮೆ, ಆಯುಧಪೂಜೆಗೆ ಒಂದು ವಾರ ಮುಂಚೆ ಇನ್ನೊಮ್ಮೆ. ಪೂಜೆಯ ದಿನ ಬಾನೆಟ್ಟಿಗೆ ಹಚ್ಚಿದ ಅರಿಸಿನದ ಕಲೆ ಬಿಸಿಲಿಗೆ ಮೆಲ್ಲನೆ ಮಾಸಿ ಹೋದರೂ, ಇಂದಿನ ಕೃತಕ ಬಣ್ಣದ ಕುಂಕುಮ ಬಿಳಿಯ ಕಾರಿನ ಮೇಲೆ ಹಟಮಾರಿಯಾಗಿ ಉಳಿದುಬಿಡುವುದುಂಟು. ಮೊದಲೇ ಮೇಣ ಹಚ್ಚಿದ ಮೈಯಾದರೆ ಅದು ಒದ್ದೆ ಬಟ್ಟೆಗೆ ಬಹುಮಟ್ಟಿಗೆ ಬಿಟ್ಟುಕೊಡುತ್ತದೆ. ಪೂಜೆಯೂ ಸಾಂಗವಾಗುತ್ತದೆ, ಕಂತು ತೀರುವವರೆಗೆ ವಾಹನದ ಮುಖವೂ ಕಳೆಗುಂದುವುದಿಲ್ಲ.