ಮಕ್ಕಳ ನೋವಿಗೆ ಅಂದಾಜಿನ ಡೋಸ್ ಸಾಕೇ?

ಟಾನ್ಸಿಲ್ ಶಸ್ತ್ರಚಿಕಿತ್ಸೆಯಾದ ಮಕ್ಕಳಿಗೆ ನೋವು ತಗ್ಗಿಸಲು ಕೊಡೀನ್ ಕೊಡುವುದು ಅಮೆರಿಕ ಸೇರಿದಂತೆ ಹಲವು ದೇಶಗಳಲ್ಲಿ ರೂಢಿಯಾಗಿತ್ತು. ದೇಹದೊಳಗೆ ಕೊಡೀನ್‌ನ ಒಂದು ಪಾಲು ಮಾರ್ಫಿನ್ ಆಗಿ ಬದಲಾದಾಗಲೇ ನೋವು ಇಳಿಯುವುದು. ಕೆಲವು ಮಕ್ಕಳಲ್ಲಿ ಈ ಬದಲಾವಣೆ ಹುಟ್ಟಿನಿಂದಲೇ ಅತಿವೇಗ. ಅಂಥವರಿಗೆ ವಾಡಿಕೆಯ ಡೋಸ್ ಕೂಡ ಉಸಿರಾಟಕ್ಕೆ ಕುತ್ತಾಯಿತು. ಸಾವುಗಳು ವರದಿಯಾದ ಮೇಲೆ, 2013ರಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಟಾನ್ಸಿಲ್ ತೆಗೆದ ಮಕ್ಕಳಿಗೆ ಅದನ್ನು ಕೊಡಬಾರದೆಂದಿತು. 2017ರಲ್ಲಿ 12 ವರ್ಷದೊಳಗಿನ ಎಲ್ಲರಿಗೂ ಆ ನಿರ್ಬಂಧ ಹಬ್ಬಿತು. ಮಕ್ಕಳ ಮೇಲೆ ಔಷಧ ಸಂಶೋಧನೆಯೇ ಬೇಡ ಎನ್ನುವವರು ಇದನ್ನು ಯೋಚಿಸಬೇಕು. ಪರೀಕ್ಷಿಸದ ಔಷಧ ಕುಡಿಸಿದಾಗಲೆಲ್ಲ ಪ್ರಯೋಗ ನಡೆದೇ ಇರುತ್ತದೆ. ಅದಕ್ಕೆ ಹೆತ್ತವರ ಅನುಮತಿಯೂ ಇರುವುದಿಲ್ಲ, ಫಲಿತಾಂಶದ ದಾಖಲೆಯೂ ಉಳಿಯುವುದಿಲ್ಲ.

ದೊಡ್ಡವರ ಡೋಸನ್ನೇ ತೂಕಕ್ಕೆ ತಕ್ಕಂತೆ ಇಳಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ನವಜಾತ ಶಿಶುವಿನ ಯಕೃತ್ತು, ಮೂತ್ರಪಿಂಡಗಳು ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಮಾರ್ಫಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಎರಡು-ಮೂರು ವರ್ಷದ ಮಗುವಾದರೋ ಹಲವು ಔಷಧಗಳನ್ನು, ತೂಕದ ಲೆಕ್ಕದಲ್ಲಿ, ದೊಡ್ಡವರಿಗಿಂತ ಬೇಗ ಹೊರಹಾಕುತ್ತದೆ. ಒಂದೇ ಸೂತ್ರ ಹಿಡಿದರೆ ಶಿಶುವಿಗೆ ಹೆಚ್ಚಾದೀತು, ಮಗುವಿಗೆ ಕಡಿಮೆಯಾದೀತು. ಕಡಿಮೆಯಾದರೂ ಕೇಡೇ. ಇಂದೋರ್‌ನಲ್ಲಿ ವೈದ್ಯಕೀಯ ಓದಿದ ಕನ್ವಲ್‌ಜೀತ್ ಆನಂದ್ ಅವರು ಆಕ್ಸ್‌ಫರ್ಡ್‌ನಲ್ಲಿ ಸಂಗಡಿಗರೊಂದಿಗೆ ನಡೆಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ತೋರಿಸಿತು. ದಿನ ತುಂಬದೆ ಹುಟ್ಟಿದ ಶಿಶುಗಳ ಶಸ್ತ್ರಚಿಕಿತ್ಸೆಯಲ್ಲಿ ಫೆಂಟನಿಲ್ ಎಂಬ ನೋವುನಿವಾರಕ ಪಡೆದವುಗಳಿಗೆ, ತೀರಾ ಹಗುರ ಅರಿವಳಿಕೆ ಪಡೆದವುಗಳಿಗಿಂತ, ದೇಹದ ಒತ್ತಡವೂ ತೊಡಕುಗಳೂ ಕಡಿಮೆಯಿದ್ದವು.

ಮಗು ತಾನಾಗಿ ಒಪ್ಪಿಗೆ ಕೊಡಲಾರದು, ಬಡವರ ಮಕ್ಕಳೇ ಬಲಿಯಾದಾರು ಎಂಬ ಆತಂಕ ನ್ಯಾಯವಾದದ್ದು. ಕಟ್ಟುನಿಟ್ಟು ಬೇಕಿರುವುದು ಅದಕ್ಕಾಗಿಯೇ. ಡೋಸ್ ಅಧ್ಯಯನಕ್ಕೆ ಆರೋಗ್ಯವಂತ ಮಕ್ಕಳನ್ನು ಕರೆತರಬೇಕಿಲ್ಲ. ಚಿಕಿತ್ಸೆಗಾಗಿ ಹೇಗೂ ಆ ಔಷಧ ಪಡೆಯುವ ಮಕ್ಕಳಿಂದ ತುಸುವೇ ರಕ್ತ ತೆಗೆದು, ಹಲವರ ಅಳತೆಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕುವ ವಿಧಾನಗಳಿವೆ. ಭಾರತದ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳು ಪೋಷಕರ ಒಪ್ಪಿಗೆ, ನೈತಿಕ ಸಮಿತಿಯ ಅನುಮೋದನೆ, ಹಾನಿಯಾದರೆ ಪರಿಹಾರ ಇವನ್ನು ಕಡ್ಡಾಯ ಮಾಡಿವೆ. ಎಚ್ಚರದಿಂದ ನಡೆದ ಸಂಶೋಧನೆ ಭಯವನ್ನೂ ಕಳೆಯಬಲ್ಲದು. ಅರಿವಳಿಕೆಯಿಂದ ಮೆದುಳಿಗೆ ಪೆಟ್ಟಾದೀತೇ ಎಂಬ ಪ್ರಶ್ನೆಗೆ ಏಳು ದೇಶಗಳ 722 ಶಿಶುಗಳ ಅಧ್ಯಯನ 2019ರಲ್ಲಿ ಉತ್ತರ ಕೊಟ್ಟಿತು: ಒಂದು ಗಂಟೆಗಿಂತ ಕಡಿಮೆ ಅವಧಿಯ ಅರಿವಳಿಕೆ ಪಡೆದವರ ಬುದ್ಧಿಮಟ್ಟ, ಐದನೇ ವಯಸ್ಸಿನಲ್ಲಿ, ಉಳಿದವರಂತೆಯೇ ಇತ್ತು.

ಉಳಿಯುವುದು ಹಣದ ಮಾತು. ಪೇಟೆಂಟ್ ಮುಗಿದ ಅಗ್ಗದ ಔಷಧಗಳಲ್ಲಿ ಕಂಪನಿಗಳಿಗೆ ಲಾಭವಿಲ್ಲ. ಆದ್ದರಿಂದಲೇ ಅಮೆರಿಕ 2002ರ ಕಾಯ್ದೆಯ ಮೂಲಕ ಅಂಥ ಅಧ್ಯಯನಗಳಿಗೆ ಸರ್ಕಾರಿ ಹಣದ ದಾರಿ ತೆರೆಯಿತು. ನಮ್ಮಲ್ಲೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಇದರ ಹೊಣೆ ಹೊತ್ತು, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಗಳನ್ನು ಒಂದು ಜಾಲವಾಗಿ ಬೆಸೆಯಬೇಕು. ಅಲ್ಲಿ ಸಿಕ್ಕ ಡೋಸ್ ಮಾಹಿತಿ ತಾಲ್ಲೂಕು ಆಸ್ಪತ್ರೆಯ ವೈದ್ಯರ ಕೈಗೂ ತಲುಪಬೇಕು. ನೋವಿನಿಂದ ಬಿಡುಗಡೆಯೂ ಸುರಕ್ಷತೆಯೂ ಮಗುವಿನ ಹಕ್ಕು. ಎರಡನ್ನೂ ಒಟ್ಟಿಗೆ ಕೊಡಬಲ್ಲದ್ದು ಪರೀಕ್ಷೆಗೊಳಗಾದ ಡೋಸ್ ಮಾತ್ರ.