ಸಾಫ್ಟ್‌ಬಾಲ್: ಕೆಳಗಿನಿಂದ ಎಸೆದರೆ ಭುಜಕ್ಕೆ ಏನೂ ಆಗಲ್ವಾ?

ಭದ್ರಾವತಿ ಜಿ.ಆರ್. ವಿಶ್ವನಾಥ್ ಹುಟ್ಟಿದ ಊರು. ಅಲ್ಲಾಗಲಿ, ಪಕ್ಕದ ಶಿವಮೊಗ್ಗದಲ್ಲಾಗಲಿ ಅಪ್ಪ-ಅಮ್ಮಂದಿರಿಗೆ ಗೊತ್ತಿರುವುದು ಕ್ರಿಕೆಟ್. ಮಗಳು ಸಾಫ್ಟ್‌ಬಾಲ್ ಆಡಿದರೂ ಸಲಹೆ ಕ್ರಿಕೆಟ್ ಲೆಕ್ಕದ್ದೇ: "ಕೆಳಗಿನಿಂದ ತಾನೇ ಎಸೆಯೋದು, ಕೈಗೇನೂ ಆಗಲ್ಲ ಪುಟ್ಟಿ." ಇದು ನಿಜವೇ?

ಅಲ್ಲ. ಸಾಫ್ಟ್‌ಬಾಲ್‌ನಲ್ಲಿ ಪಿಚರ್ ತೋಳನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಸುಮಾರು 13 ಮೀಟರ್ ದೂರಕ್ಕೆ ಜೋರಾಗಿ ಎಸೆಯುತ್ತಾಳೆ. ಚೆಂಡಿನ ಸುತ್ತಳತೆಯೇ ಸುಮಾರು 30 ಸೆಂ.ಮೀ. ಪಂದ್ಯಕ್ಕೆ 7 ಇನಿಂಗ್ಸ್. ಎಷ್ಟೋ ಸಲ ಕೊನೆಯವರೆಗೂ ಒಬ್ಬಳೇ ಎಸೆಯುತ್ತಾಳೆ. ಭುಜ ಮತ್ತು ತೋಳಿನ ಮುಂಭಾಗದ ಸ್ನಾಯುವಿನ ಮೇಲೆ ಇದರಿಂದ ಭಾರಿ ಒತ್ತಡ ಬೀಳುತ್ತದೆ. ಬೆಳೆಯುವ ವಯಸ್ಸಿನಲ್ಲಿ ಮೂಳೆಗಳ ತುದಿ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ.

ಹಟದ ಹುಡುಗಿಯಾದರೆ ಅಪಾಯ ಇನ್ನೂ ಹೆಚ್ಚು. "ನೋವು ಅಂದ್ರೆ ಆಟ ಬಿಡಿಸ್ತಾರೆ" ಎಂದು ಅವಳು ಬಾಯಿ ಬಿಡುವುದೇ ಇಲ್ಲ. "ಇವತ್ತು ಸಾಕು, ಹೋಗಬೇಡ" ಎಂದು ಗದರಿದರೆ ಇನ್ನಷ್ಟು ಮುಚ್ಚಿಡುತ್ತಾಳೆ.

ಹಾಗಾದರೆ ಏನು ಮಾಡಬೇಕು?

• ದಿನಕ್ಕೆ ಎಷ್ಟು ಎಸೆತ, ಯಾವ ದಿನ ಬಿಡುವು ಎಂಬುದನ್ನು ಕೋಚ್ ಜೊತೆ ಮಾತಾಡಿ ಅವಳೇ ಬರೆದಿಡಲಿ. ತಾನೇ ಹಾಕಿಕೊಂಡ ಲೆಕ್ಕವನ್ನು ಅವಳು ಮುರಿಯುವುದು ಕಡಿಮೆ.
• "ಗೆದ್ದೆಯಾ?" ಎನ್ನುವ ಮೊದಲು "ಭುಜ ಹೇಗಿದೆ?" ಎಂದು ಕೇಳಿ.
• ಮರುದಿನವೂ ನೋವಿದ್ದರೆ, ಕೈ ಎತ್ತಲು ಕಷ್ಟವಾದರೆ ಎಸೆತ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ನೋವಿನ ಮಾತ್ರೆ ನುಂಗಿಸಿ ಆಡಿಸಬೇಡಿ.

"ಹೇಳಿದರೆ ಆಟ ನಿಲ್ಲುವುದಿಲ್ಲ, ಭುಜ ಉಳಿಯುತ್ತದೆ" ಎಂಬ ನಂಬಿಕೆ ಬಂದರೆ ಎಂಥ ಹಟದ ಹುಡುಗಿಯೂ ನೋವನ್ನು ಹೇಳಿಕೊಳ್ಳುತ್ತಾಳೆ.